ಜೀಪಿಗೊಂದು ಬಾಳಿಕೆಯ ಬ್ಯಾಟರಿ

ಯಾರ ಮನೆಗೆ ಹೋದರೂ ಸಾಮಾನ್ಯ ಜನ ಮೊದಲು ನೋಡುವುದು ಯಜಮಾನನ ಮುಖವನ್ನು; ಸೂಕ್ಷ್ಮಜ್ಞರಾದವರು ನೋಡುವುದು ಯಜಮಾನಿಯ ಮುಖವನ್ನು; ನಾನು ಮಾತ್ರ ನೋಡುವುದು ಆ ಮನೆಯ ಮುಂದಿನ ನೆಲ ಯಾವ ಕಡೆಗೆ ಇಳಿದಿದೆ ಎಂಬುದನ್ನು. ಇಳಿಜಾರು ಕಂಡರೆ ಒಳಗೆ ಹೋಗಿ ಕಾಲು ಚಾಚಿ ಕೂತು ಎರಡನೆಯ ಲೋಟ ಕಾಫಿಗೂ ಒಪ್ಪಿಕೊಳ್ಳುತ್ತೇನೆ. ನೆಲ ಸಮತಟ್ಟಾಗಿದ್ದರೆ ಜೀಪಿನ ಎಂಜಿನ್ ಆರಿಸದೆ, ಬಾಗಿಲಲ್ಲೇ ನಿಂತು, ಕ್ಷೇಮಸಮಾಚಾರವನ್ನು ಎರಡು ಮಾತಿನಲ್ಲಿ ಮುಗಿಸಿ ಹೊರಟುಬಿಡುತ್ತೇನೆ. ಇದರಿಂದಾಗಿ ಹೆಗ್ಗಡದೇವನಕೋಟೆಯ ಸುತ್ತಮುತ್ತ ನನ್ನ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬೇರೂರಿವೆ. ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡವರು ಡಾಕ್ಟರು ಬಹಳ ಸ್ನೇಹಪರರು ಎನ್ನುತ್ತಾರೆ. ಬಯಲಿನಲ್ಲಿರುವವರು ಮಹಾ ಜಂಭದ ಮನುಷ್ಯ ಎನ್ನುತ್ತಾರೆ. ಇಬ್ಬರ ಮಾತೂ ನಿಜವಲ್ಲ. ನನ್ನ ಸ್ನೇಹವೂ ಜಂಭವೂ ಬ್ಯಾಟರಿಯಿಂದ ಹುಟ್ಟಿದವು.

ಆ ಬ್ಯಾಟರಿ ಬದಲಾಗಿ ಈಗ ಬಹಳ ಕಾಲವಾಯಿತು. ಆದರೂ ಕಣ್ಣಿಗೆ ಅಂಟಿದ ಚಾಳಿ ಹೋಗಿಲ್ಲ. ಬಾಳಿಕೆ ಬರುವ ಒಂದು ಬ್ಯಾಟರಿಯನ್ನು ಆರಿಸುವ ಕೆಲಸದಲ್ಲಿ ನಾನು ಕಳೆದುಕೊಂಡ ತಾಳ್ಮೆಯನ್ನೆಲ್ಲ ಒಟ್ಟುಗೂಡಿಸಿದ್ದರೆ ಯಾವುದಾದರೂ ಮಠಕ್ಕೆ ಅಧಿಪತಿಯಾಗಿ ಹೋಗಬಹುದಿತ್ತು.

ಮೊದಲು ಜೀಪಿನ ಪರಿಚಯ ಮಾಡಿಕೊಡಬೇಕು. ಅದು ಮಿಲಿಟರಿಯವರು ಸಾಕೆಂದು ಹರಾಜಿಗಿಟ್ಟದ್ದು. ಯಾವ ರಣರಂಗದಲ್ಲಿ ಏನು ಪರಾಕ್ರಮ ತೋರಿತ್ತೋ ತಿಳಿಯದು. ನನ್ನ ಕೈಗೆ ಬರುವ ಹೊತ್ತಿಗೆ ಅಸಹಕಾರ ಚಳವಳಿಗೆ ಸೇರಿಬಿಟ್ಟಿತ್ತು. ಹೆಗ್ಗಡದೇವನಕೋಟೆಯಲ್ಲಿ, ನಮ್ಮ ಬಾಯಲ್ಲಿ ಬರಿಯ ಕೋಟೆಯಲ್ಲಿ, ಸಣ್ಣದೊಂದು ದವಾಖಾನೆ ಇಟ್ಟುಕೊಂಡು, ಕಾಡಂಚಿನ ಹಳ್ಳಿಗಳಿಗೂ ಹೋಗಿಬರುತ್ತಿದ್ದ ನನಗೆ, ಹಳ್ಳ ದಾಟಬಲ್ಲ, ಕೊರಕಲಿನಲ್ಲಿ ಏಳಬಲ್ಲ ವಾಹನ ಬೇರೆ ಯಾವುದಿತ್ತು? ಹಾಗಾಗಿ ಕೊಂಡೆ. ಕೊಂಡದ್ದೇನೋ ಸರಿ, ಆದರೆ ಚಾಲನಶಾಸ್ತ್ರದಲ್ಲಿ ನಾನು ಶುದ್ಧ ನಿರಕ್ಷರಕುಕ್ಷಿ. ಆದ್ದರಿಂದ ಬಿಳಿಕೆರೆಯ ಗುರುಸಿದ್ದಪ್ಪ ಡ್ರೈವರಾಗಿ ಬಂದ. ಬೆಳಿಗ್ಗೆ ಎದ್ದು ತನ್ನ ಹಣೆಗೆ ಮೂರು ಗೆರೆ ವಿಭೂತಿ ಬಳಿದುಕೊಂಡು, ಉಳಿದದ್ದರಲ್ಲಿ ಬ್ಯಾಟರಿಗೂ ಮೂರು ಗೆರೆ ಎಳೆದು ಕೈ ಮುಗಿಯದೆ ಅವನು ಬಾನೆಟ್ಟು ಮುಚ್ಚುತ್ತಿರಲಿಲ್ಲ. ಬ್ಯಾಟರಿಗೆ ಭಕ್ತಿಯ ಕೊರತೆ ಯಾವತ್ತೂ ಆಗಲಿಲ್ಲ. ಕೊರತೆಯಾದದ್ದು ಶಕ್ತಿಯದು.

ಗುರುಸಿದ್ದಪ್ಪನ ದೃಷ್ಟಿಯಲ್ಲಿ ಬ್ಯಾಟರಿಗೂ ನಮ್ಮ ಹಾಗೆ ದೇಹಪ್ರಕೃತಿಯುಂಟು, ಉಷ್ಣ ಶೀತಗಳುಂಟು. ಅದರ ಹೊಟ್ಟೆಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೀಳಕೂಡದೆಂದು ನಾನು ತಾಕೀತು ಮಾಡಿದ್ದೆ. ಇಂಜೆಕ್ಷನ್ ಪುಡಿಗೆ ಬೆರೆಸಲೆಂದು ತರಿಸಿದ್ದ ನೀರಿನಲ್ಲಿ ಅರ್ಧದಷ್ಟನ್ನು ನನ್ನ ರೋಗಿಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಜೀಪೇ ಕುಡಿಯುತ್ತಿತ್ತು. ಒಂದು ಬೇಸಗೆಯಲ್ಲಿ ಆ ನೀರು ಮುಗಿದುಹೋಯಿತು. ನಾನು ಮೈಸೂರಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಬ್ಯಾಟರಿಯ ಬಾಯಿಗಳಿಂದ ನೊರೆ ಉಕ್ಕುತ್ತಿತ್ತು.

"ಏನು ಹಾಕಿದೆಯೋ ಇದಕ್ಕೆ?" ಎಂದು ಕೂಗಾಡಿದೆ.

"ಎಳ್ನೀರು ಸಾ," ಎಂದ ಅವನು, ಒಂದಿಷ್ಟೂ ಅಳುಕಿಲ್ಲದೆ. "ಮರದಿಂದ ಅಗ್ಗ ಕಟ್ಟಿ ಇಳ್ಸಿದ್ದು, ನೆಲ ಸೈತ ಮುಟ್ಟಿಲ್ಲ. ಅದಕ್ಕಿಂತ ಸುದ್ದವಾದ ನೀರು ಎಲ್ಲೈತೆ ಹೇಳಿ? ಬ್ಯಾಟ್ರಿ ಮೈ ಮುಟ್ಟಿದ್ರೆ ಸುಡ್ತಿತ್ತು. ಉರಿಮೂತ್ರ ಅಂತ ಬಂದೋರ್ಗೆಲ್ಲ ನೀವೇ ಅಲ್ವಾ ಎಳ್ನೀರು ಕುಡೀರಿ ಅನ್ನೋದು?"

ನನ್ನದೇ ಚಿಕಿತ್ಸಾಕ್ರಮವನ್ನು ಅವನು ನನ್ನ ಜೀಪಿನ ಮೇಲೆಯೇ ಪ್ರಯೋಗಿಸಿದ್ದ. ಆ ಬ್ಯಾಟರಿ ಆ ವಾರವೇ ಕಣ್ಣು ಮುಚ್ಚಿತು.

ಅದರ ಬದಲಿಗೆ ಬಂದದ್ದು ಸಂಗೀತಾಸಕ್ತಿಯಿಂದ ಹಾಳಾಯಿತು. ಕೋಟೆಯ ಆಚೀಚಿನ ಹಳ್ಳಿಗಳಲ್ಲಿ ಆಗ ಕರೆಂಟು ಎಲ್ಲಿತ್ತು? ಮದುವೆಗೆ ಮೈಕು ಬೇಕು, ಮೈಕಿಗೆ ಬ್ಯಾಟರಿ ಬೇಕು, ಬ್ಯಾಟರಿ ಡಾಕ್ಟರ ಜೀಪಿನಲ್ಲಿದೆ. "ಮದ್ವೆ ಮನೆ ಸಾಮಿ, ಇಲ್ಲ ಅನ್ಬಾರ್ದು" ಎಂದು ತಾಂಬೂಲದ ತಟ್ಟೆ ಸಮೇತ ಬಂದು ಬಾಗಿಲಲ್ಲಿ ನಿಂತವರಿಗೆ ಇಲ್ಲವೆನ್ನುವ ಕಲೆ ನನಗೆ ಕರಗತವಾಗಿರಲಿಲ್ಲ. ಮದುವಣಗಿತ್ತಿ ಗಂಡನ ಮನೆಗೆ ಹೋದ ಮೇಲೆ ಬ್ಯಾಟರಿ ನನ್ನ ಮನೆಗೆ ಬರುತ್ತಿತ್ತು, ಹಾಡಿ ಹಾಡಿ ಗಂಟಲು ಕಟ್ಟಿದ ಸ್ಥಿತಿಯಲ್ಲಿ. ಮದುವೆಯ ತಿಂಗಳುಗಳು ಮುಗಿಯುವಷ್ಟರಲ್ಲಿ ಅದರ ಕಥೆಯೂ ಮುಗಿಯಿತು.

ಇಷ್ಟೇ ಆಗಿದ್ದರೆ ನನ್ನ ಸಿಡಿಮಿಡಿ ಬರಿಯ ವೈಯಕ್ತಿಕ ಸಿಡಿಮಿಡಿಯಾಗಿ ಉಳಿದು ನಿಮಗೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ನಡುವೆ ಬೊಮ್ಮನ ಪ್ರಶ್ನೆ ಬಂತು.

ಅಂತರಸಂತೆಯನ್ನು ದಾಟಿ, ಹಳ್ಳವೊಂದನ್ನು ಇಳಿದು ಹತ್ತಿ, ಲಂಟಾನದ ಪೊದೆಗಳ ನಡುವೆ ಸಾಗಿದರೆ ಕಾಡಿನಂಚಿನಲ್ಲಿ ಒಂದು ಹಾಡಿ, ಕೆಲವೇ ಗುಡಿಸಲುಗಳದ್ದು. ಬೊಮ್ಮ ಅಲ್ಲಿಯವನು. ಜೇನು ಕೀಳುವುದರಲ್ಲಿ ಹೆಸರಾದವನು, ಉಳಿದ ಕಾಲದಲ್ಲಿ ಕಾಡಿನ ಕೂಲಿ ಕೆಲಸ. ಮೂವತ್ತರ ಆಸುಪಾಸಿನ ಆ ಗಟ್ಟಿ ಆಳು ಎದುರಿಗೆ ಕರಗುತ್ತಿದ್ದ. ಸಂತೆಯಲ್ಲಿ ಒಮ್ಮೆ ಅವನ ಕೆಮ್ಮು ಕಿವಿಗೆ ಬಿದ್ದು, ಹಿಡಿದು ನಿಲ್ಲಿಸಿ ಎದೆ ನೋಡಿದೆ, ಕಫದ ಪರೀಕ್ಷೆ ಮಾಡಿಸಿದೆ. ಅನುಮಾನವೇ ಇರಲಿಲ್ಲ, ಕ್ಷಯ. ವಾರಕ್ಕೆರಡು ಸಲದಂತೆ ವರ್ಷದುದ್ದಕ್ಕೂ ಇಂಜೆಕ್ಷನ್, ಜೊತೆಗೆ ಮಾತ್ರೆ. ನಡುವೆ ಬಿಟ್ಟರೆ ರೋಗ ಇಮ್ಮಡಿಯಾಗಿ ತಿರುಗಿ ಬೀಳುತ್ತದೆ, ಆಮೇಲೆ ಅದೇ ಮದ್ದು ನಾಟುವುದೂ ಇಲ್ಲ. ಹೆಂಡತಿಯೂ ಇಬ್ಬರು ಎಳೆಯ ಮಕ್ಕಳೂ ಅದೇ ಗುಡಿಸಲಿನಲ್ಲಿ ಅವನ ಮಗ್ಗುಲಲ್ಲೇ ಮಲಗುತ್ತಿದ್ದರು. ಕೋಟೆಗೆ ಬಂದಿರು ಎಂದರೆ ಬೊಮ್ಮ ತಲೆಯಾಡಿಸಿದ. ಅವನ ಅಣ್ಣನನ್ನು ಹಿಂದೊಮ್ಮೆ ದೊಡ್ಡಾಸ್ಪತ್ರೆಗೆ ಒಯ್ದವರು ನಡೆಸಿಕೊಂಡು ವಾಪಸು ತಂದಿರಲಿಲ್ಲ.

"ನಾನಂತೂ ಅಲ್ಲಿಗೆ ಬರಾಕಿಲ್ಲ ಬುದ್ದಿ," ಎಂದ. "ಸೂಜೀನೆ ಇಲ್ಲಿಗೆ ಬಂದ್ರೆ ನೋಡಾಣ."

ಯಾವುದೋ ಧರ್ಮಾವೇಶದಲ್ಲಿ ನಾನು ಆಗಲಿ ಎಂದೆ. ಹಾಗೆ ಹೇಳಿದ ಕ್ಷಣದಿಂದ ಬೊಮ್ಮನ ಉಸಿರು ನನ್ನ ಜೀಪಿಗೂ, ಜೀಪಿನ ಉಸಿರು ಬ್ಯಾಟರಿಗೂ ಗಂಟು ಬಿದ್ದವು. ಒಂದು ಬೆಳಿಗ್ಗೆ ಜೀಪು ಏಳದಿದ್ದರೆ ಒಂದು ಸೂಜಿ ತಪ್ಪಿತು. ಅಂಥ ಬೆಳಗುಗಳು ಮಳೆಗಾಲದಲ್ಲಿ ಒಂದೆರಡು ಬಂದೇ ಬಂದವು. ದವಾಖಾನೆಯ ಮುಂದೆ ನಿಂತು ಆ ಕಬ್ಬಿಣದ ಕೋಣಕ್ಕೆ ನಾನು ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ನೀವು ನನ್ನ ಜೊತೆ ಮುಂದಕ್ಕೆ ಬರುವುದಿಲ್ಲ.

ಹೀಗಾಗಿ ಬಾಳಿಕೆಯ ಬ್ಯಾಟರಿಗಾಗಿ ಹುಡುಕಾಟ ಶುರುವಾಯಿತು. ಸಲಹೆ ಕೇಳಿದ್ದೇ ತಪ್ಪಾಯಿತು. ಹೆಣ್ಣು ನೋಡುವ ವಿಷಯದಲ್ಲಾದರೂ ಜನ ಸ್ವಲ್ಪ ಸಂಕೋಚದಿಂದ ಸಲಹೆ ಕೊಡುತ್ತಾರೆ. ಬ್ಯಾಟರಿಯ ವಿಷಯದಲ್ಲಿ ಅದೂ ಇಲ್ಲ. ಹುಣಸೂರಿನಲ್ಲಿ ಗ್ಯಾರೇಜು ಇಟ್ಟಿದ್ದ ಸಾಹೇಬರೊಬ್ಬರು ಬ್ಯಾಟರಿಯ ಯೋಗ್ಯತೆಯನ್ನು ಅದರ ಕಿಡಿಯಲ್ಲಿ ಕಾಣಬೇಕೆಂಬ ಮತದವರು. "ಇಲ್ಲಿ ನೋಡಿ ಡಾಕ್ಟರ್ ಸಾಬ್, ಕೈಸಾ ಹೊಡೀತದೆ!" ಎಂದು ಎರಡು ತುದಿಗೂ ತಂತಿ ತಗುಲಿಸಿದರು, ಫಟ್ಟನೆ ನೀಲಿ ಕಿಡಿ ಹಾರಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಲಾರಿಯವರು ಬಂದರು, ಅವರಿಗೊಂದು ಕಿಡಿ. ಎದುರಂಗಡಿಯವನು ಬಂದ, ಅವನಿಗೊಂದು. ದಾರಿಹೋಕರು ನಿಂತರು, ಅವರಿಗಿನ್ನೊಂದು. ಬ್ಯಾಟರಿಯನ್ನು ಜೀಪಿಗೆ ಕೂರಿಸುವ ಹೊತ್ತಿಗೆ ಅದರ ಯೋಗ್ಯತೆಯೆಲ್ಲ ಪ್ರದರ್ಶನದಲ್ಲೇ ಖರ್ಚಾಗಿ ಹೋಗಿತ್ತು. ಹುಣಸೂರಿನ ಬಜಾರಿನಲ್ಲಿ ಜೀಪು ತಳ್ಳಿಸಿಕೊಂಡೇ ನಾವು ಹೊರಟೆವು.

ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ನನ್ನ ಹಳೆಯ ರೋಗಿ. ಟ್ರ್ಯಾಕ್ಟರ್ ಇಟ್ಟವರು, ಆದ್ದರಿಂದ ಅಧಿಕಾರಯುತವಾಗಿ ಮಾತಾಡಬಲ್ಲವರು. ಹೊಗೆಸೊಪ್ಪನ್ನು ತೂಗಿ ತೂಗಿ ಜೀವ ಸವೆಸಿದ ಅವರಿಗೆ ಲೋಕದ ಸಕಲ ಗುಣಗಳೂ ತೂಕದಲ್ಲೇ ಅಡಗಿದ್ದವು. "ಎತ್ತಿ ನೋಡ್ರಿ ಮೊದ್ಲು. ಬ್ಯಾಟ್ರಿ ಅಂದ್ರೆ ಸೀಸ ಕಣ್ರೀ. ಎಷ್ಟು ಭಾರನೋ ಅಷ್ಟು ಆಯಸ್ಸು," ಎಂದರು. ಎತ್ತಿದೆ. ಸೊಂಟ ಹಿಡಿದುಕೊಂಡಿತು. ಚಾಪೆಯ ಮೇಲೆ ಬೋರಲಾಗಿ ಮಲಗಿ ಹೆಂಡತಿಯಿಂದ ನೋವಿನೆಣ್ಣೆ ತಿಕ್ಕಿಸಿಕೊಳ್ಳುವಾಗ, ಡಾಕ್ಟರಾದವನು ಎಣ್ಣೆಗೆ ಶರಣಾದದ್ದು ಹೊರಗೆ ಗೊತ್ತಾಗದಿರಲೆಂದು ಅವಳಿಂದ ಆಣೆ ಮಾಡಿಸಿಕೊಂಡೆ. ಆ ಭಾರದ ಬ್ಯಾಟರಿ ಜೀಪಿನ ತಟ್ಟೆಯಲ್ಲಿ ಕೂರಲಿಲ್ಲ. ಹಗ್ಗ ಬಿಗಿದು ಕೂರಿಸಿದರೆ ಮೊದಲನೆಯ ಹಳ್ಳದಲ್ಲೇ ಜಾರಿ ಬಿದ್ದು ಒಡೆಯಿತು.

ಕೃಷ್ಣರಾಜನಗರದ ಅಕ್ಕಿ ಗಿರಣಿಯ ಮಾಲೀಕರದು ಮೂರನೆಯ ಮತ. ಹೊಸ ಬ್ಯಾಟರಿ ಕೊಳ್ಳುವುದೇ ಮೂರ್ಖತನವೆಂದು ಅವರ ಸಿದ್ಧಾಂತ. "ಹೊಸಕ್ಕಿ ಬೇಯಿಸಿದ್ರೆ ಮುದ್ದೆ ಆಯ್ತದೆ ಸ್ವಾಮಿ. ಹಳೇ ಅಕ್ಕಿ ನೋಡಿ, ಹೂವಿನಂಗೆ ಉದುರ್ತದೆ. ಬ್ಯಾಟ್ರಿನೂ ಅಂಗೆಯ. ಒಂದ್ ವರ್ಷ ಪಳಗಿರ್ಬೇಕು," ಎಂದು, ತಮ್ಮ ಲಾರಿಯಲ್ಲಿ ಪಳಗಿದ ಬ್ಯಾಟರಿಯೊಂದನ್ನು ಪ್ರೀತಿಯಿಂದ ನನಗೆ ಸಾಗಹಾಕಿದರು. ಅವರ ಮಾತು ಅಕ್ಷರಶಃ ನಿಜವಾಯಿತು. ಕಾಡುರಸ್ತೆಯ ಕುಲುಕಾಟಕ್ಕೆ ಅದರೊಳಗಿನ ಪ್ಲೇಟುಗಳ ಲೇಪವೆಲ್ಲ ಉದುರುದುರಾಗಿ ತಳ ಸೇರಿತು.

ಇವರನ್ನೆಲ್ಲ ಹಾಸ್ಯ ಮಾಡುವ ಯೋಗ್ಯತೆ ನನಗೂ ಇಲ್ಲ. ಯಾರೂ ನೋಡದ ಹೊತ್ತಿನಲ್ಲಿ ಬಾನೆಟ್ಟು ಎತ್ತಿ, ಬ್ಯಾಟರಿಯ ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಕಿವಿಗೊಟ್ಟವನು ನಾನು. ಒಳಗೆ ಸಣ್ಣಗೆ ಗುಳುಗುಳು ಎನ್ನುತ್ತಿತ್ತು. ಅಜೀರ್ಣವಿರಬೇಕೆಂದು ತೀರ್ಮಾನಿಸಿದೆ.

ಈ ನಡುವೆ ಹಾಡಿಯಲ್ಲಿ ಏನಾಗುತ್ತಿತ್ತೆಂದರೆ, ಹೋಗುವಾಗ ಕೋಟೆಯ ಇಳಿಜಾರಿನ ಕೃಪೆಯಿಂದ ಎದ್ದ ಜೀಪು ಹಾಡಿಯ ಸಮತಟ್ಟು ಬಯಲಿನಲ್ಲಿ ನಿಂತರೆ ಮತ್ತೆ ಏಳುತ್ತಿರಲಿಲ್ಲ. ಸೂಜಿ ಹಾಕಿ, ಅಲ್ಲಿನ ಮಕ್ಕಳ ಹುಣ್ಣು ಕಜ್ಜಿ ನೋಡಿ ಬರುವಷ್ಟು ಹೊತ್ತು ಎಂಜಿನ್ ಉರಿಸುತ್ತ ಕೂರಲು ಪೆಟ್ರೋಲಿಗೆ ನಾನೇನು ಮಹಾರಾಜನೇ? ಜೀಪನ್ನು ತಳ್ಳಿ ಎಬ್ಬಿಸಬೇಕು. ಒಬ್ಬರು ಸ್ಟೇರಿಂಗ್ ಹಿಡಿದು, ಗೇರು ಹಾಕಿ, ಕ್ಲಚ್ಚು ತುಳಿದು ಕೂರಬೇಕು. ಉಳಿದವರು ಹಿಂದಿನಿಂದ ತಳ್ಳಬೇಕು. ಗಾಡಿ ಉರುಳತೊಡಗಿದಾಗ ಸರಿಯಾದ ಸಮಯಕ್ಕೆ ಕ್ಲಚ್ಚು ಬಿಟ್ಟರೆ ಎಂಜಿನ್ ಏಳುತ್ತದೆ. ನಾವು ಹೋಗುವ ಹೊತ್ತಿಗೆ ಹಾಡಿಯ ಗಂಡಸರೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದರು. ತೋಳಲ್ಲಿ ಬಲವಿದ್ದವನು ಗುರುಸಿದ್ದಪ್ಪನೊಬ್ಬನೇ, ಆದ್ದರಿಂದ ಅವನು ತಳ್ಳಲೇಬೇಕು. ಸ್ಟೇರಿಂಗಿಗೆ ನಾನು ಕೂತೆ. ಗಾಡಿ ಅಲುಗಿತೋ ಇಲ್ಲವೋ ನಾನು ಗಾಬರಿಯಿಂದ ಕ್ಲಚ್ಚು ಬಿಟ್ಟುಬಿಡುತ್ತಿದ್ದೆ. ಜೀಪು ಮುಗ್ಗರಿಸಿ ನಿಲ್ಲುತ್ತಿತ್ತು. ಹಿಂದಿದ್ದ ಗುರುಸಿದ್ದಪ್ಪನ ಹಣೆ ತಗಡಿಗೆ ಬಡಿದು ಊದಿಕೊಂಡು, ನಾನೇ ಇಳಿದು ಮುಲಾಮು ಹಚ್ಚಬೇಕಾಗುತ್ತಿತ್ತು.

"ನೀವು ಇಳ್ಕಳ್ಳಿ ಸಾ," ಎಂದ ಗುರುಸಿದ್ದಪ್ಪ, ಹಣೆಯ ವಿಭೂತಿಯ ಜೊತೆಗೆ ಬೋರೆಯನ್ನೂ ಸವರಿಕೊಳ್ಳುತ್ತ. "ಕೈಗುಣ ಐತೆ ನಿಮ್ಗೆ, ಕಾಲ್ಗುಣ ಇಲ್ಲ."

ನಾನು ಇಳಿದೆ. ಹೆಂಗಸರಿಬ್ಬರು ಬಂದರು. ಬೊಮ್ಮನೂ ಹೆಗಲು ಕೊಡಲು ಬಂದ. ಅವನ ಎದೆಯ ಸ್ಥಿತಿ ಬಲ್ಲ ನಾನು ಜೋರಾಗಿ ಗದರಿಬಿಟ್ಟೆ. ಅವನ ಮುಖ ಚಿಕ್ಕದಾಯಿತು. ಊರಿಗೆ ಬಂದ ಗಾಡಿಯನ್ನು ಹೆಂಗಸರು ತಳ್ಳುವಾಗ ಗಂಡಸೊಬ್ಬನು ಕೈಕಟ್ಟಿ ನಿಲ್ಲಬೇಕೆಂದರೆ ಅವನಿಗೆ ಹೇಗಾಗಿರಬೇಡ. ಗುರುಸಿದ್ದಪ್ಪನೇ ದಾರಿ ಕಂಡುಹಿಡಿದ. "ಅಂಗಾರೆ ಇವ್ನೇ ಕೂತ್ಕಳ್ಳಿ ಬುಡಿ. ಬಾರ್ಲಾ ಬೊಮ್ಮ, ಇಲ್ ತುಳ್ಕೋ. ನಾನು ಬುಡು ಅಂದಾಗ ಬುಡು."

ಮೊದಲ ಸಲ ಬೊಮ್ಮ ಜೀಪನ್ನು ಲಂಟಾನದ ಪೊದೆಗೆ ನುಗ್ಗಿಸಿದ. ಎರಡನೆಯ ಸಲ ಎಂಜಿನ್ ಎದ್ದಿತು. ಅವನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಬಾಯ್ತುಂಬ ನಕ್ಕ, ಕೆಮ್ಮಿದ, ಕೆಮ್ಮಿನ ನಡುವೆಯೂ ನಕ್ಕ. ಸೂಜಿಯ ದಿನ ಮರೆಯಾಗುತ್ತಿದ್ದ ಅವನನ್ನು ಹುಡುಕಿಸುವ ಕೆಲಸ ಅಲ್ಲಿಂದ ಮುಂದೆ ತಪ್ಪಿತು. ಎಲ್ಲಿಂದಲೋ ಸಂಪಾದಿಸಿದ ಖಾಕಿ ಅಂಗಿಯೊಂದನ್ನು ತೊಟ್ಟು, ತಲೆ ಬಾಚಿಕೊಂಡು, ಹಳ್ಳದ ಈಚೆಯೇ ಕಾದು ನಿಂತಿರುತ್ತಿದ್ದ. ಮೊದಲು ಸೂಜಿ, ಆಮೇಲೆ ಸ್ಟೇರಿಂಗ್ ಎಂದು ಕರಾರಾಯಿತು. ಹಿಂಭಾಗಕ್ಕೆ ಚುಚ್ಚಿಸಿಕೊಂಡ ನೋವಿನಲ್ಲೇ ಆ ತಗಡಿನ ಸೀಟಿನ ಮೇಲೆ ಓರೆಯಾಗಿ ಕೂತು, ಸೇನಾಪತಿಯ ಠೀವಿಯಿಂದ ಮುಂದೆ ನೋಡುತ್ತಿದ್ದ. ತಳ್ಳುವವನು ನಾನು. ಅವನ ಮೈ ಕೈ ತುಂಬತೊಡಗಿತು, ಕೆಮ್ಮು ಇಳಿಯಿತು. ಇದೆಲ್ಲ ಆರೋಗ್ಯವನ್ನು ಕುರಿತು ನಾನು ಅವನಿಗೆ ಕೊಟ್ಟ ಸುದೀರ್ಘ ಉಪದೇಶದ ಫಲವೆಂದು ನಂಬಿ ನಾನು ಒಳಗೊಳಗೇ ಬೀಗುತ್ತಿದ್ದೆ.

ಆದರೆ ಕೋಟೆಯಲ್ಲೇ ಜೀಪು ಮಲಗಿಬಿಟ್ಟ ದಿನಗಳ ಭಯ ಹಾಗೆಯೇ ಉಳಿದಿತ್ತು. ಕೊನೆಗೆ ಎಲ್ಲ ಮತಾಚಾರ್ಯರನ್ನೂ ಬದಿಗಿಟ್ಟು ಮೈಸೂರಿಗೆ ಹೋದೆ. ನಾಲ್ಕು ಅಂಗಡಿಯವರು ತಮ್ಮ ಸರಕನ್ನು ಆಕಾಶಕ್ಕೇರಿಸಿದರು. ಐದನೆಯವನು ಪತ್ರಿಕೆಯಿಂದ ತಲೆಯೆತ್ತದೆ, "ಅದಾ? ಸರಿಯಾಗಿ ನೋಡ್ಕೊಂಡ್ರೆ ಬರುತ್ತೆ, ಇಲ್ದಿದ್ರೆ ಇಲ್ಲ," ಎಂದ. ಬ್ಯಾಟರಿ ಜಗತ್ತಿನಲ್ಲಿ ನಾನು ಕೇಳಿದ ಮೊದಲ ಸತ್ಯವಾಕ್ಯ ಅದು. ಅಲ್ಲೇ ಕೊಂಡುಬಿಟ್ಟೆ. ಗುರುಸಿದ್ದಪ್ಪ ಅದರ ಅಡಿಗೂ ಪಕ್ಕಕ್ಕೂ ಹಳೆಯ ಟೈರಿನ ತುಂಡು ಕೊಟ್ಟು, ಅಲುಗದಂತೆ ಕಬ್ಬಿಣದ ಪಟ್ಟಿ ಬಿಗಿದ. ನಾನು ಎದೆ ಕಲ್ಲು ಮಾಡಿಕೊಂಡು ಎರಡು ಮದುವೆಗಳ ಮೈಕಿಗೆ ಬ್ಯಾಟರಿ ಇಲ್ಲವೆಂದು ಹೇಳಿ, ಎರಡು ಮನೆತನಗಳ ಸ್ನೇಹ ಕಳೆದುಕೊಂಡೆ. ಜೀಪು ಮಾತ್ರ, ಡ್ರೈವರಿನ ಕಾಲಡಿಯ ಸೆಲ್ಫ್ ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು, ಘರ್ರೆಂದು ಎದ್ದು ನಿಲ್ಲುತ್ತಿತ್ತು. ಬೊಮ್ಮನಿಗೆ ಇನ್ನು ಒಂದು ಸೂಜಿಯೂ ತಪ್ಪುವುದಿಲ್ಲವೆಂದು ನಾನು ಹೆಂಡತಿಯ ಮುಂದೆ ಘೋಷಿಸಿದೆ.

ಹೊಸ ಬ್ಯಾಟರಿಯೊಡನೆ ಹಾಡಿಗೆ ಹೋದ ಮೊದಲ ದಿನ ಬೊಮ್ಮ ಸೂಜಿ ಹಾಕಿಸಿಕೊಂಡು, ಅಂಗಿ ಸರಿಪಡಿಸಿಕೊಂಡು, ಜೀಪಿನ ಬಳಿಗೆ ಬಂದ. ಅಷ್ಟರಲ್ಲಿ ಗುರುಸಿದ್ದಪ್ಪ ಹತ್ತಿ ಕೂತು ಗುಂಡಿ ಒತ್ತಿಯಾಗಿತ್ತು.

"ಓ, ಎದ್ಬುಡ್ತಾ," ಎಂದ ಬೊಮ್ಮ. ಜೀಪಿನ ಮೇಲಿಟ್ಟಿದ್ದ ಕೈ ತೆಗೆದು ಪಕ್ಕಕ್ಕೆ ಸರಿದ.

ನಾನು ಹೆಮ್ಮೆಯಿಂದ ಕೈ ಬೀಸಿ ಹೊರಟೆ. ಮುಂದಿನ ಸಲ ಅವನು ಹಳ್ಳದ ಹತ್ತಿರ ನಿಂತಿರಲಿಲ್ಲ, ಕೂಗಿ ಕರೆಸಬೇಕಾಯಿತು. ಅದರ ಮುಂದಿನ ಸಲ ಜೇನಿಗೆ ಹೋಗಿದ್ದಾನೆ ಎಂದಳು ಅವನ ಹೆಂಡತಿ. ಆಮೇಲೆ ಕೊಡಗಿನ ತೋಟದ ಕಡೆ ಹೋಗಿದ್ದಾನೆ ಎಂದಳು. ಹಾಗೆನ್ನುವಾಗ ಗುಡಿಸಲಿನ ಹಿಂದಿನಿಂದ ಕೆಮ್ಮು ಕೇಳಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ಸೊಂಟ ಮುರಿದುಕೊಂಡು, ಸ್ನೇಹ ಮುರಿದುಕೊಂಡು, ನಾಲ್ಕು ತಾಲ್ಲೂಕು ಅಲೆದು ಒಬ್ಬ ಮನುಷ್ಯನಿಗಾಗಿ ಬ್ಯಾಟರಿ ತಂದರೆ ಆ ಮನುಷ್ಯ ನನ್ನಿಂದ ಬಚ್ಚಿಟ್ಟುಕೊಳ್ಳುತ್ತಾನೆ! ದಾರಿಯುದ್ದಕ್ಕೂ ಕೃತಜ್ಞತೆಯೆಂಬ ಗುಣ ಭೂಮಿಯಿಂದ ಅಳಿದುಹೋದುದನ್ನು ಕುರಿತು ಗುರುಸಿದ್ದಪ್ಪನಿಗೆ ಭಾಷಣ ಕೊಟ್ಟೆ. ಅವನು ಎಲ್ಲ ಕೇಳಿ, ಅಂತರಸಂತೆ ಬಂದ ಮೇಲೆ ಬಾಯಿ ಬಿಟ್ಟ.

"ಒಳ್ಳೇ ಬ್ಯಾಟ್ರಿ ತಂದು ಕೆಟ್ವಿ ಸಾ. ಅವ್ನು ಸೂಜಿಗೆಲ್ಲಿ ಬತ್ತಿದ್ದ? ಕ್ಲಚ್ ಬುಡಾಕೆ ಬತ್ತಿದ್ದ. ಡಾಕ್ಟ್ರು ತಳ್ತಾರೆ, ನಾನು ಗಾಡಿ ಒಡೀತೀನಿ ಅಂತ ಇಡೀ ಹಾಡಿಗೆ ಹೇಳ್ಕಂಡಿದ್ದ. ಈಗ ಅವ್ನು ಬರೀ ರೋಗದವ್ನು ಆಗೋದ."

ಆ ಮಾತು ಎಷ್ಟು ನಿಜವೆಂದು ಹೊಳೆದಷ್ಟೂ ನನ್ನ ಸಿಟ್ಟು ಬೊಮ್ಮನನ್ನು ಬಿಟ್ಟು ಆ ದರಿದ್ರ ಬ್ಯಾಟರಿಯ ಕಡೆಗೆ ತಿರುಗಿತು. ಕೆಟ್ಟ ಬ್ಯಾಟರಿಗಳೆಲ್ಲ ನನ್ನ ರೋಗಿಯನ್ನು ಉಳಿಸಿದ್ದವು. ಒಳ್ಳೆಯದೊಂದು ಬಂದು ಅವನನ್ನು ಓಡಿಸಿತ್ತು.

ಮುಂದಿನ ಸಲ ಹಾಡಿಗೆ ಹೋದಾಗ ಬೊಮ್ಮ ಮಚ್ಚು ಮಸೆಯುತ್ತ ಕೂತಿದ್ದ. ಕೆನ್ನೆ ಮತ್ತೆ ಒಳಗೆ ಹೋಗಿತ್ತು.

"ನನ್ನಿಂದ ಇನ್ನೇನಾಗ್ಬೇಕು ಬುದ್ದಿ? ಗಾಡಿ ಅದ್ರ ಪಾಡ್ಗೆ ಅದು ಓಯ್ತದಲ್ಲ," ಎಂದ.

"ಎಲ್ಲಿ ಹೋಗುತ್ತದಯ್ಯ!" ಎಂದೆ. ಮುಂದಿನ ಮಾತು ತಾನಾಗಿಯೇ ಬಾಯಿಗೆ ಬಂತು. "ಆ ಬ್ಯಾಟರಿಯೂ ಕೆಟ್ಟು ಕೂತಿದೆ. ಮೈಸೂರಿನವನು ಮೋಸ ಮಾಡಿದ. ಬಾ, ಸೂಜಿ ಹಾಕಿಸಿಕೊ. ನೀನು ಕೂರದಿದ್ದರೆ ನಾವು ಇಲ್ಲೇ ಉಳಿಯಬೇಕು."

ಗುರುಸಿದ್ದಪ್ಪ ನನ್ನ ಮುಖವನ್ನೊಮ್ಮೆ ನೋಡಿದ. ಬೆಳಿಗ್ಗೆ ತಾನೇ ವಿಭೂತಿ ಹಚ್ಚಿ ಪೂಜಿಸಿದ ಬ್ಯಾಟರಿಯ ಮೇಲೆ ಇಂಥ ಅಪವಾದ! ಬಾನೆಟ್ಟಿನ ಕಡೆ ತಿರುಗಿ ಯಾರಿಗೂ ಕಾಣದ ಹಾಗೆ ಗಲ್ಲ ಗಲ್ಲ ಬಡಿದುಕೊಂಡ. ಆಮೇಲೆ ಜೀಪು ಹತ್ತಿ, ಗುಂಡಿಯ ಪಕ್ಕದ ಬರಿಯ ತಗಡನ್ನು ನಾಲ್ಕು ಸಲ ತುಳಿದು, "ಊಂ ಊಂ, ಏಳಾಕಿಲ್ಲ ಸಾ," ಎಂದ. ನಾಟಕದ ಕಂಪನಿಗೆ ಸೇರಬೇಕಾದವನು ನನ್ನ ಹತ್ತಿರ ಯಾಕೆ ಬಂದನೋ.

ಬೊಮ್ಮ ಮಚ್ಚು ಕೆಳಗಿಟ್ಟ. ಖಾಕಿ ಅಂಗಿ ತರಲು ಒಳಗೆ ಹೋದ.

ಅಲ್ಲಿಂದ ನನ್ನ ಬಾಳಿನ ಅತ್ಯಂತ ಹಾಸ್ಯಾಸ್ಪದವಾದ ಅಧ್ಯಾಯ ಆರಂಭವಾಯಿತು. ಇಡೀ ಜಿಲ್ಲೆಯಲ್ಲೇ ಅತ್ಯುತ್ತಮವೆನ್ನಬಹುದಾದ ಬ್ಯಾಟರಿಯನ್ನು ಹೊತ್ತ ಜೀಪನ್ನು ವಾರಕ್ಕೆರಡು ಸಲ, ಮಳೆಯಲ್ಲಿ ಬಿಸಿಲಲ್ಲಿ, ಕೆಸರಲ್ಲಿ ಕಾಲು ಹೂತುಕೊಂಡು ನಾನು ತಳ್ಳಿದೆ. ತಳ್ಳುತ್ತ ತಳ್ಳುತ್ತ ಬೊಮ್ಮನಿಗೂ ಬ್ಯಾಟರಿಗೂ ಸಮಸ್ತ ವಾಹನನಿರ್ಮಾಪಕರಿಗೂ ಮನಸ್ಸಿನಲ್ಲೇ ಶಾಪ ಹಾಕಿದೆ. ಮನೆಗೆ ಬಂದರೆ ಹೆಂಡತಿ ನನ್ನ ಪಂಚೆಯ ಕೆಸರು ನೋಡಿ, "ಹೊಸ ಬ್ಯಾಟರಿ ಹಾಕಿಸಿದ ಮೇಲೂ ಇದೇ ಅವತಾರವೇ?" ಎನ್ನುವಳು. ಡಾಕ್ಟರ ಜೀಪು ಹಾಡಿಯಲ್ಲಿ ಈಗಲೂ ತಳ್ಳಿಸಿಕೊಳ್ಳುತ್ತದಂತೆ ಎಂಬ ಸುದ್ದಿ ಬಸ್ಸು ಹತ್ತಿ ಊರೂರಿಗೂ ಹೋಯಿತು. ಹುಣಸೂರಿನ ಸಾಹೇಬರ ಕಣ್ಣಲ್ಲಿ ಕನಿಕರ, ಪಿರಿಯಾಪಟ್ಟಣದವರ ತುಟಿಯಲ್ಲಿ ಸಣ್ಣ ನಗು. ಕೃಷ್ಣರಾಜನಗರದವರು ಹಳೆಯ ಬ್ಯಾಟರಿ ಇನ್ನೊಂದಿದೆ, ಕೊಡಲೇ ಎಂದು ಹೇಳಿಕಳಿಸಿದರು. ಇವರಿಗೆಲ್ಲ ಬಾಯಿ ಮುಚ್ಚಿಕೊಂಡು ಸೋತವನಂತೆ ತಲೆದೂಗಬೇಕಾಗಿ ಬಂದ ನನ್ನ ಸಂಕಟ ಯಾರಿಗೆ ಹೇಳಲಿ? ಸತ್ಯ ಹೊರಬಿದ್ದರೆ ಅದು ಹಾಡಿಗೆ ತಲುಪುವುದು ಎಷ್ಟು ಹೊತ್ತಿನ ಮಾತು?

ಅಲ್ಲಿಂದ ಮುಂದೆ ಬೊಮ್ಮನ ಒಂದು ಸೂಜಿಯೂ ತಪ್ಪಲಿಲ್ಲ. ನಡುವೆ ಬಿಟ್ಟುಹೋದ ದಿನಗಳಿಗಾಗಿ ಚಿಕಿತ್ಸೆಯನ್ನು ಇನ್ನಷ್ಟು ಕಾಲ ಮುಂದುವರಿಸಿದೆ. ಅವನು ಅದಕ್ಕೂ ಒಪ್ಪಿದ. ಕಫದ ಪರೀಕ್ಷೆಯಲ್ಲಿ ರೋಗ ಕಾಣದಾಯಿತು. ಕೆನ್ನೆ ತುಂಬಿತು. ಖಾಕಿ ಅಂಗಿಯ ಗುಂಡಿಗಳು ಎದೆಯ ಮೇಲೆ ಬಿಗಿಯತೊಡಗಿದವು.

ಕೊನೆಯ ಸೂಜಿಯ ದಿನ ಬಂತು. ಚುಚ್ಚಿ, ತಿಕ್ಕಿ, ಇನ್ನು ಬರೀ ಮಾತ್ರೆ ಸಾಕು ಕಣಯ್ಯ, ನಾನು ಯಾವಾಗಲಾದರೂ ಬಂದು ನೋಡಿಹೋಗುತ್ತೇನೆ ಎಂದೆ. ಗುರುಸಿದ್ದಪ್ಪ ತನ್ನ ಪಾಲಿನ ನಾಟಕ ಮುಗಿಸಿ ಇಳಿದು ಬಂದ. ಬೊಮ್ಮ ಹತ್ತಿ ಕೂತ. ನಾನೂ ಗುರುಸಿದ್ದಪ್ಪನೂ ಹಿಂದಕ್ಕೆ ಹೋಗಿ, ಪಂಚೆ ಎತ್ತಿ ಕಟ್ಟಿ, ಬೆನ್ನು ಬಗ್ಗಿಸಿ ತಗಡಿಗೆ ಹೆಗಲು ಕೊಟ್ಟೆವು. ಇನ್ನೇನು ತಳ್ಳಬೇಕು, ಅಷ್ಟರಲ್ಲಿ ಜೀಪು ಘರ್ರೆಂದು ಎದ್ದಿತು. ಹೊಗೆಯೆಲ್ಲ ನನ್ನ ಮುಖಕ್ಕೇ ಬಂತು.

ಕೆಮ್ಮುತ್ತ ಮುಂದಕ್ಕೆ ಹೋಗಿ ನೋಡಿದೆ. ಬೊಮ್ಮ ಸೆಲ್ಫ್ ಗುಂಡಿಯ ಮೇಲಿಂದ ಕಾಲು ತೆಗೆಯುತ್ತಿದ್ದ.

"ಗೊತ್ತಿತ್ತೇನೋ ನಿನಗೆ?"

"ಗೊತ್ತಿಲ್ದೆ ಏನ್ ಬುದ್ದಿ. ಅಂತರಸಂತೆ ಸಂತೇಲಿ ನೋಡಿವ್ನಲ್ಲ. ಅಲ್ಲಿ ಡ್ರೈವರಣ್ಣ ಕಾಲಿಡ್ತಿದ್ದಂಗೆ ಏಳೋದು, ಇಲ್ಲಿಗ್ ಬಂದ್ರೆ ಮನೀಕಳದು."

"ಮತ್ತೆ ಯಾಕೆ ಹೇಳಲಿಲ್ಲ? ಇಷ್ಟು ದಿನ ನನ್ನ ಕೈಲಿ ಸುಮ್ಮನೆ ತಳ್ಳಿಸಿದೆಯಲ್ಲೋ!"

ಬೊಮ್ಮ ಸ್ಟೇರಿಂಗನ್ನು ಅಂಗೈಯಿಂದ ಸವರಿದ.

"ಇಷ್ಟು ದಪ್ಪ ಮೈ ಇಟ್ಕಂಡು, ಕೆಸ್ರಲ್ಲಿ ಜಾರ್ಕಂಡು ಬಿದ್ಕಂಡು, ನನ್ ಸಲುವಾಗಿ ಸುಳ್ ಸುಳ್ಳೇ ತಳ್ತಿದ್ರಿ. ಅಂತೋರ್ ಮುಂದೆ ಸೂಜಿ ಬ್ಯಾಡ ಅನ್ನಾಕೆ ಬಾಯೇ ಬರ್ನಿಲ್ಲ."

ನನಗೆ ಬೈಯಬೇಕೆನಿಸಿತು. ಅಷ್ಟೊಂದು ಬೈಗುಳ ಕೂಡಿಟ್ಟುಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಕಣ್ಣು ಒರೆಸಿಕೊಂಡು, ಹೊಗೆ ಕಣ್ಣಿಗೆ ಹೋಯಿತು ಎಂದು ಗುರುಸಿದ್ದಪ್ಪನಿಗೆ ಹೇಳಿದೆ. ಅವನು ಆಗಲೇ ಬೇರೆ ಕಡೆ ನೋಡುತ್ತಿದ್ದ.

"ಗಾಡಿ ಅತ್ತಿ ಬುದ್ದಿ," ಎಂದ ಬೊಮ್ಮ. "ಅಳ್ಳದ್ ತಾವಕೆ ಬುಟ್ಟು ಬತ್ತೀನಿ. ಇವತ್ತು ನಿಮ್ ಕೈಲಿ ತಳ್ಸಾಕಿಲ್ಲ."

ಗುರುಸಿದ್ದಪ್ಪ ಅವನ ಪಕ್ಕದಲ್ಲಿ ಕೂತ. ನಾನು ಹಿಂದಿನ ಸೀಟು ಹತ್ತಿ, ಮಡಿಲಲ್ಲಿ ಮದ್ದಿನ ಪೆಟ್ಟಿಗೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೆ. ಬೊಮ್ಮ ಒಮ್ಮೆ ತಿರುಗಿ ನಾನು ಸರಿಯಾಗಿ ಕೂತಿದ್ದೇನೆಯೇ ಎಂದು ನೋಡಿ, ಕ್ಲಚ್ಚು ಬಿಟ್ಟ.